ಗೋಡೆಯ ಸಂದಿಯಿಂದ ಬಂದ ರೊಟ್ಟಿ

1940ರ ಅಕ್ಟೋಬರ್‌ನಲ್ಲಿ ನಾಜಿಗಳು ಪೋಲೆಂಡಿನ ವಾರ್ಸಾ ನಗರದ ಯೆಹೂದಿಗಳಿಗೆಲ್ಲ ಮನೆಮಠ ಬಿಟ್ಟು ತಾವು ಗೊತ್ತುಮಾಡಿದ ಕೇರಿಗೆ ಹೋಗಿ ಅಂತ ಆಜ್ಞೆ ಮಾಡಿದರು. ನವೆಂಬರ್ 16ಕ್ಕೆ ಆ ಕೇರಿಯ ಬಾಗಿಲು ಮುಚ್ಚಿತು. ಅದೇ ಘೆಟ್ಟೋ. ಸುತ್ತ 10 ಅಡಿಯ ಗೋಡೆ, ಮೇಲೆ ಮುಳ್ಳುತಂತಿ. ಸುಮಾರು 3.4 ಚದರ ಕಿಲೋಮೀಟರಿನಲ್ಲಿ 4 ಲಕ್ಷಕ್ಕೂ ಹೆಚ್ಚು ಜನ.

ಕೊಲ್ಲುವ ಕೆಲಸವನ್ನು ಮೊದಲು ಹಸಿವಿಗೆ ವಹಿಸಿದರು. 1941ರಲ್ಲಿ ಅಲ್ಲಿನ ಯೆಹೂದಿಗೆ ಸರ್ಕಾರಿ ಪಡಿತರ ದಿನಕ್ಕೆ ಸುಮಾರು 184 ಕ್ಯಾಲೊರಿ. ಎರಡು ಮೂರು ತುಂಡು ಬ್ರೆಡ್ಡಿಗೆ ಮುಗಿಯಿತು. 1942ರ ನಡುವಿನ ಹೊತ್ತಿಗೆ ಹಸಿವು ಮತ್ತು ರೋಗಕ್ಕೆ 80 ಸಾವಿರಕ್ಕೂ ಹೆಚ್ಚು ಜನ ಸತ್ತರು.

ಹಾಗಾದರೆ ಉಳಿದವರು ಬದುಕಿದ್ದು ಹೇಗೆ? ಕಳ್ಳದಾರಿಯಿಂದ ಬಂದ ಆಹಾರದಿಂದ. ಅದರಲ್ಲೂ ವರ್ಗವಿತ್ತು. ದೊಡ್ಡ ವ್ಯಾಪಾರಿಗಳು ಕಾವಲಿನವರಿಗೆ ಲಂಚ ತಿನ್ನಿಸಿ ಮೂಟೆಗಟ್ಟಲೆ ತರಿಸಿ ದುಡ್ಡಿದ್ದವರಿಗೆ ಮಾರಿದರು. ಬಡವರ ಮನೆಯಲ್ಲಿ ಎಷ್ಟೋ ಸಲ ಮಕ್ಕಳೇ ಯಜಮಾನರು. ದೊಡ್ಡವರ ಮೈ ಹಿಡಿಸದ ಸಂದಿಯಲ್ಲಿ ಏಳೆಂಟು ವರ್ಷದ ಕೂಸು ನುಸುಳಿ ಆಚೆ ಹೋಗುತ್ತಿತ್ತು. ಬೇಡಿಯೋ ಕೊಂಡೋ ತಂದ ರೊಟ್ಟಿ, ಆಲೂಗಡ್ಡೆಯನ್ನು ಅಂಗಿಯೊಳಗೆ ತುಂಬಿಕೊಂಡು ವಾಪಸು ಬರುತ್ತಿತ್ತು. ಸಿಕ್ಕಿಬಿದ್ದರೆ ಹೊಡೆತ, ಇಲ್ಲವೇ ಗುಂಡು. 1941ರ ಅಕ್ಟೋಬರ್‌ನಲ್ಲಿ, ಅನುಮತಿಯಿಲ್ಲದೆ ಗೋಡೆ ದಾಟಿದ ಯೆಹೂದಿಗೆ ಮರಣದಂಡನೆ ಅಂತ ಕಾನೂನೇ ಆಯಿತು.

ಅವ್ವನಿಗೆ ತುತ್ತು ತಂದ ಮಗು ಕಳ್ಳನಾದರೆ, ಆ ತುತ್ತನ್ನ ಕಿತ್ತುಕೊಂಡವರನ್ನ ಏನಂತ ಕರೀಬೇಕು?

ಈ ಮಕ್ಕಳ ಮೇಲೆ ಘೆಟ್ಟೋದಲ್ಲೇ ಕವಿತೆ ಬರೆದ ಹೆನ್ರಿಕಾ ಲಜೋವೆರ್ಟ್ ಟ್ರೆಬ್ಲಿಂಕಾದಲ್ಲಿ ಕೊಲೆಯಾದರು. 1942ರ ಜುಲೈ 22ರಿಂದ ಸೆಪ್ಟೆಂಬರ್‌ವರೆಗೆ ಸುಮಾರು 2,65,000 ಜನರನ್ನು ರೈಲಿಗೆ ತುಂಬಿ ಅಲ್ಲಿಗೇ ಸಾಗಿಸಿದರು. ಚರಿತ್ರೆಕಾರ ಎಮಾನುಯೆಲ್ ರಿಂಗೆಲ್‌ಬ್ಲುಮ್ ಮತ್ತು ಸಂಗಾತಿಗಳು ಕೇರಿಯ ಬದುಕನ್ನು ಗುಟ್ಟಾಗಿ ಬರೆದಿಟ್ಟು, ತಗಡಿನ ಪೆಟ್ಟಿಗೆ, ಹಾಲಿನ ಕ್ಯಾನುಗಳಲ್ಲಿ ಹೂತರು. 1946ರಲ್ಲಿ, 1950ರಲ್ಲಿ ಅಗೆದಾಗ ಸಿಕ್ಕಿತು. ಕೊಂದವರ ಕಡತಕ್ಕೆ ಸತ್ತವರೇ ಬರೆದ ಉತ್ತರ ಅದು.

ಗೋಡೆ ದಾಟುವ ದಾರಿ ಬಲ್ಲ ಕೆಲವು ಮಕ್ಕಳು ಆಚೆಯೇ ಉಳಿದರು. ವಾರ್ಸಾದ ಮೂರು ಶಿಲುಬೆಗಳ ಚೌಕದಲ್ಲಿ, ಜರ್ಮನ್ ಸೈನಿಕರ ಕಣ್ಣೆದುರೇ, ಪೋಲಿಷ್ ಹುಡುಗರಂತೆ ನಟಿಸಿ ಸಿಗರೇಟು ಮಾರಿದರು. ಯೆಹೂದಿ ಭೂಗತ ಚಳವಳಿಯ ಯೂಸೆಫ್ ಜೀಮಿಯನ್ ಅವರ ಗುರುತು ಹಿಡಿದು ನೆರವಾದರು, ಮುಂದೆ ಅವರ ಕತೆ ಬರೆದರು. ಅವರಲ್ಲಿ ಹಲವರು ಯುದ್ಧ ದಾಟಿ ಬದುಕಿದರು.

1943ರ ಏಪ್ರಿಲ್ 19ರಂದು ಘೆಟ್ಟೋದ ಯುವಕ ಯುವತಿಯರು ಆಯುಧ ಹಿಡಿದು ಎದ್ದದ್ದು ಲೋಕಕ್ಕೆಲ್ಲ ಗೊತ್ತು. ಅದಕ್ಕೂ ಮುಂಚೆ ಬರಿಗೈಯ ಮಕ್ಕಳು ಆ ಗೋಡೆಯನ್ನ ದಿನಾ ಸೋಲಿಸುತ್ತಿದ್ದರು. ಅದೂ ಬಂಡಾಯವೇ.

ಮೇಷ್ಟ್ರುಗಳೇ, ಹಿಟ್ಲರನ ಪಾಠ ಬಂದಾಗ ಇಸವಿ ಬಾಯಿಪಾಠ ಮಾಡಿಸುವ ಮುಂಚೆ ಆ 184 ಕ್ಯಾಲೊರಿಯ ಲೆಕ್ಕ ಮಾಡಿಸಿ. ಉಳಿದ ತುತ್ತನ್ನ ಯಾರು ತಂದರು ಅಂತ ಕೇಳಿ.