ಕವಿಯ ಕ್ಯಾಸೆಟ್, ಗಾಯಕನ ಆಲ್ಬಂ

ಕನ್ನಡದಲ್ಲಿ ಸಿನಿಮಾದ್ದಲ್ಲದ ಹಾಡುಗಳ ಆಲ್ಬಂ ಬಹುಕಾಲ ಕವಿಯ ಸೊತ್ತಾಗಿತ್ತು. ರಾಗ ಹಾಕಿದವರ, ಹಾಡಿದವರ ಹೆಸರು ಹೊದಿಕೆಯ ಮೇಲೆ ಇರುತ್ತಿತ್ತು. ಆದರೆ ಕ್ಯಾಸೆಟ್ಟಿಗೆ ಹೆಸರು ಬರುತ್ತಿದ್ದುದು ಸಾಮಾನ್ಯವಾಗಿ ಕವನ ಸಂಕಲನದಿಂದ. ಹಾಗಾಗಿ ಒಬ್ಬ ಗಾಯಕನ ಮೊದಲ ಆಲ್ಬಂ ಯಾವುದು, ಎರಡನೆಯದು ಯಾವುದು ಎಂದು ಎಣಿಸುವ, ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಿ ನೋಡುವ ರೂಢಿ ಇಲ್ಲಿ ಬೆಳೆಯಲಿಲ್ಲ. ಅದು ಕಾಣಿಸಿಕೊಂಡದ್ದು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಎರಡು ಆಲ್ಬಂಗಳು, ಅಂದರೆ 2008ರಲ್ಲಿ ಅವರ ಹೆಸರಿನಲ್ಲೇ ಬಂದದ್ದು ಮತ್ತು 2013ರ ‘ಜಗ್ ಚಂಗಾ’, ಈ ಹೊಸ ರೂಢಿಗೆ ಸಿಗುವ ಸ್ಪಷ್ಟ ಉದಾಹರಣೆ.

ಧ್ವನಿಮುದ್ರಣದ ಮೊದಲ ದಶಕಗಳಲ್ಲಿ ಕನ್ನಡಕ್ಕೆ ಹಾಡು ಒದಗಿಸಿದ್ದು ಮುಖ್ಯವಾಗಿ ಕಂಪನಿ ನಾಟಕ. ತುಮಕೂರು ಸೀಮೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, 1917ರಲ್ಲಿ ವೀರಣ್ಣನವರ ಒಡೆತನಕ್ಕೆ ಬಂದ ಗುಬ್ಬಿ ಕಂಪನಿ ಈ ಲೋಕದ ದೊಡ್ಡ ಹೆಸರು. ಕಂಪನಿ ನಾಟಕದಲ್ಲಿ ಹಾಡದ ನಟನಿಗೆ ಬೆಲೆಯಿರಲಿಲ್ಲ. ಒಂದು ಹಾಡಿಗೆ ‘ಒನ್ಸ್ ಮೋರ್’ ಬಿದ್ದರೆ ಸತ್ತ ಪಾತ್ರವೂ ಎದ್ದು ನಿಂತು ಮತ್ತೆ ಹಾಡುತ್ತಿತ್ತು ಎಂಬ ಮಾತು ರಂಗಭೂಮಿಯಲ್ಲಿ ಇಂದಿಗೂ ನಗೆಯ ಸರಕು. ಇಂಥ ರಂಗಗೀತೆಗಳು ಗ್ರಾಮಫೋನ್ ಪ್ಲೇಟಿಗೆ ಇಳಿದವು. 78 ಸುತ್ತಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಆಲಾಪ ಮೊಟಕಾಗುತ್ತಿತ್ತು, ಚರಣ ಬಿಟ್ಟುಹೋಗುತ್ತಿತ್ತು. ಹಾಡುಗಳ ಒಂದು ಗೊಂಚಲನ್ನು ಒಟ್ಟಾಗಿ ಕೇಳಿಸುವ ಮಾತು ಈ ಯಂತ್ರದಲ್ಲಿ ಸಾಧ್ಯವೇ ಇರಲಿಲ್ಲ. ಕೊಳ್ಳುವವರು ಕೇಳುತ್ತಿದ್ದುದು ನಾಟಕದ ಹೆಸರು, ನಟನ ಅಥವಾ ನಟಿಯ ಹೆಸರು. ಹಾಡು ಬರೆದ ಕಂಪನಿಯ ಕವಿ ತೆರೆಯ ಹಿಂದೆಯೇ ಉಳಿದ.

ಕವಿಯನ್ನು ತೆರೆಯ ಮುಂದಕ್ಕೆ ತಂದವರಲ್ಲಿ ಮೊದಲಿಗರು ಪಿ. ಕಾಳಿಂಗರಾಯರು (1914–1981). ಬಾಲ್ಯದಲ್ಲಿ ನಾಟಕ ಮಂಡಳಿಯಲ್ಲಿ ಪಳಗಿದ ಅವರು ಮೋಹನಕುಮಾರಿ, ಸೋಹನಕುಮಾರಿ ಸೋದರಿಯರ ಜತೆ ಊರೂರು ತಿರುಗಿ ದಾಸರ ಪದ, ಜಾನಪದ ಮತ್ತು ನವೋದಯದ ಕವಿತೆಗಳನ್ನು ಒಂದೇ ವೇದಿಕೆಯಲ್ಲಿ ಹಾಡಿದರು. ಪುಸ್ತಕದಲ್ಲಿದ್ದ ಕವಿತೆಗೆ ಗಂಟಲು ಸಿಕ್ಕಿತು. ಆದರೆ ಅವರ ಕೆಲಸ ಬಹುಮಟ್ಟಿಗೆ ಕಛೇರಿಯ ಕೆಲಸ. ಅದನ್ನು ಮನೆಗೆ ಕೊಂಡೊಯ್ಯುವ ಅಗ್ಗದ ಸಾಧನ ಇನ್ನೂ ಬಂದಿರಲಿಲ್ಲ.

ಆ ಸಾಧನ ಕ್ಯಾಸೆಟ್. ಒಂದು ಮಗ್ಗುಲಿಗೆ ಅರ್ಧ ಗಂಟೆ, ಎರಡೂ ಸೇರಿ ಒಂದು ಗಂಟೆ. ಒಬ್ಬ ಕವಿಯ ಎಂಟು ಹತ್ತು ಕವಿತೆಗಳಿಗೆ ಹೇಳಿ ಮಾಡಿಸಿದ ಅಳತೆ. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಹೊರಬಂತು. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಎಂಬ ಹೆಗ್ಗಳಿಕೆ ಇದಕ್ಕೇ ಸಲ್ಲುತ್ತದೆ. ಹೆಸರು ಕವಿಯ ಸಂಕಲನದ್ದೇ. ಮುಂದೆ ಸಿ. ಅಶ್ವಥ್ (1939–2009) ಕೆ.ಎಸ್. ನರಸಿಂಹಸ್ವಾಮಿ ಅವರ 1942ರ ‘ಮೈಸೂರು ಮಲ್ಲಿಗೆ’ಯನ್ನು ಹಾಡಾಗಿಸಿದಾಗಲೂ ಕಥೆ ಅದೇ. ಕೇಳುಗರು ಅಶ್ವಥ್ ಅವರ ಒಂದು ಕ್ಯಾಸೆಟ್ಟನ್ನು ಇನ್ನೊಂದರ ಜತೆ ಹೋಲಿಸಲು ಹೊರಟರೆ ಕೊನೆಗೆ ಹೋಲಿಸುತ್ತಿದ್ದುದು ಇಬ್ಬರು ಕವಿಗಳನ್ನು. ಅನಂತಸ್ವಾಮಿ, ಅಶ್ವಥ್ ಇಬ್ಬರೂ ತಮ್ಮ ಛಾಪು ಥಟ್ಟನೆ ಗೊತ್ತಾಗುವಂಥ ಸಂಯೋಜಕರಾಗಿದ್ದರೂ ಈ ಸ್ಥಿತಿ ಬದಲಾಗಲಿಲ್ಲ.

ತುಮಕೂರು ಸೀಮೆಯ ಗೂಳೂರು, ಗುಬ್ಬಿ, ಕುಣಿಗಲ್ಲಿನಂಥ ಊರುಗಳಲ್ಲಿ ಭಾವಗೀತೆ ಕ್ಯಾಸೆಟ್ ಅಂಗಡಿಗಿಂತ ಹೆಚ್ಚಾಗಿ ಶಾಲೆಯ ವಾರ್ಷಿಕೋತ್ಸವ, ರಾಜ್ಯೋತ್ಸವದ ಪೆಂಡಾಲು, ಆಕಾಶವಾಣಿಯ ಬೆಳಗಿನ ಗೀತೆಗಳ ಮೂಲಕ ತಲುಪಿತು. ಇಂಥ ವೇದಿಕೆಯ ಮೇಲೆ ಹಾಡು ಎಲ್ಲರದು. ಶಾಲೆಯ ಹುಡುಗಿ ಹಾಡಿದರೂ ಸರಿ, ಊರಿನ ಮೇಷ್ಟ್ರು ಹಾಡಿದರೂ ಸರಿ, ಯಾವ ಕ್ಯಾಸೆಟ್ಟಿನದು ಎಂಬ ಪ್ರಶ್ನೆ ಏಳುವುದಿಲ್ಲ.

ಕವಿ, ಸಂಯೋಜಕ, ಗಾಯಕ ಎಂಬ ಈ ಮೂರು ಪಾಲಿನ ವ್ಯವಸ್ಥೆಯಲ್ಲಿ ಒಬ್ಬ ಕವಿ ಮಾತ್ರ ಬೇರೆ ರೀತಿ ನಡೆದುಕೊಂಡ: ಶಿಶುನಾಳ ಶರೀಫ (1819–1889). ಈಗಿನ ಹಾವೇರಿ ಜಿಲ್ಲೆಯ ಶಿಶುವಿನಾಳದ ಶರೀಫರು, ಕಳಸದ ಗೋವಿಂದ ಭಟ್ಟರ ಶಿಷ್ಯ. ತಾವೇ ಕಟ್ಟಿ ತಾವೇ ಹಾಡಿದವರು. ಅವರ ತತ್ವಪದಗಳು ಭಜನೆಯ ಮಂದಿಯ ಬಾಯಲ್ಲಿ, ಏಕತಾರಿಯ ತಂತಿಯ ಮೇಲೆ ಬದುಕಿದವು. ಅಶ್ವಥ್ ಅವುಗಳನ್ನು ಕ್ಯಾಸೆಟ್ಟಿಗೆ ತಂದರು, 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರ ಅವನ್ನು ಮನೆಮಾತಾಗಿಸಿತು. ಅಲ್ಲಿಂದಾಚೆಗೆ ಶರೀಫರ ಪದ ಎಂದರೆ ಅಶ್ವಥ್ ಅವರ ಗಡಸು ಕಂಠ ಎಂಬಷ್ಟು ನಂಟು ಬೆಳೆಯಿತು. ಮುಂದಿನ ಪೀಳಿಗೆಯ ಯಾರೇ ಅದನ್ನು ಮುಟ್ಟಬೇಕಾದರೂ ಆ ಕಂಠವನ್ನು ದಾಟಿಯೇ ಹೋಗಬೇಕಿತ್ತು.

ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ, ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ, ಭರತನಾಟ್ಯದಲ್ಲಿ ಶಿಕ್ಷಣ. ಸಂಗೀತದ ಪಾಠ ಮಾತ್ರ ಇಲ್ಲ. ಗಿಟಾರ್ ಕಲಿತದ್ದು ಕಾಲೇಜಿನಲ್ಲಿ ಸಹಪಾಠಿಯೊಬ್ಬ ಒಡ್ಡಿದ ಸವಾಲಿನ ಹಟಕ್ಕೆ. ವಿಜ್ಞಾನಿಯಾಗಿ ಬೆಲ್ಜಿಯಂನಲ್ಲಿದ್ದಾಗ ಅಲ್ಲಿನ ರೇಡಿಯೋದಲ್ಲಿ ಅವರ ಹಾಡು ಪ್ರಸಾರವಾದದ್ದು ಉದ್ಯೋಗ ಬಿಡುವ ಧೈರ್ಯ ಕೊಟ್ಟಿತು. 1990ರ ದಶಕದ ಕೊನೆಯಲ್ಲಿ ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಅವರೊಡನೆ ಕಟ್ಟಿದ ‘ಅಂತರಾಗ್ನಿ’ ತಂಡ ಕೆಲವು ವರ್ಷ ನಡೆದು ಚದುರಿತು. ಆಮೇಲೆ ಬಂದ ಹೊಸ ತಂಡಕ್ಕೆ ಇಟ್ಟ ಹೆಸರು ‘ರಘು ದೀಕ್ಷಿತ್ ಪ್ರಾಜೆಕ್ಟ್’. ಭಾವಗೀತೆಯ ಲೋಕದಲ್ಲಿ ಕವಿಗೆ ಮೀಸಲಾಗಿದ್ದ ಜಾಗದಲ್ಲಿ ಈಗ ಹಾಡುವವನ ಹೆಸರು ಕೂತಿತು.

ಆಲ್ಬಂ ಮಾಡಿಕೊಡುವ ಕಂಪನಿ ಸಿಗಲು ವರ್ಷಗಳೇ ಹಿಡಿದವು. ಸಿನಿಮಾ ಹಾಡಲ್ಲ, ಭಕ್ತಿಗೀತೆಯಲ್ಲ, ಒಂದೇ ಭಾಷೆಯೂ ಅಲ್ಲ. ಇದನ್ನು ಅಂಗಡಿಯ ಯಾವ ಕಪಾಟಿನಲ್ಲಿ ಇಡಬೇಕು ಎಂಬುದು ವ್ಯಾಪಾರಿಗಳಿಗೆ ನಿಜವಾದ ತೊಡಕೇ ಆಗಿತ್ತು. ಕೊನೆಗೆ ಅದನ್ನು ಹೊರತಂದವರು ಹಿಂದಿ ಚಿತ್ರಸಂಗೀತದ ಜೋಡಿ ವಿಶಾಲ್–ಶೇಖರ್, ತಮ್ಮ ‘ಕೌಂಟರ್ ಕಲ್ಚರ್ ರೆಕಾರ್ಡ್ಸ್’ ಮೂಲಕ, 2008ರಲ್ಲಿ. ಕನ್ನಡ ಗಾಯಕನೊಬ್ಬನ ಮೊದಲ ಆಲ್ಬಂ ಮುಂಬೈಯಿಂದ ಬಂದದ್ದು ಗಮನಿಸತಕ್ಕ ಸಂಗತಿ. ಬೆಂಗಳೂರಿನ ಕಂಪನಿಗಳಿಗೆ ಭಾವಗೀತೆಯ ಮಾದರಿ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಈ ಮೊದಲ ಆಲ್ಬಂ ಹತ್ತು ವರ್ಷ ವೇದಿಕೆಯ ಮೇಲೆ ಸವೆದು ನುಣುಪಾದ ಹಾಡುಗಳ ಆಯ್ಕೆ. ‘ಹೇ ಭಗವಾನ್’, ‘ಮೈಸೂರ್ ಸೇ ಆಯಿ’, ‘ಖಿಡ್ಕಿ’ ಹಿಂದಿಯಲ್ಲಿ. ‘ಇನ್ ಮುಂಬೈ, ವೇಟಿಂಗ್ ಫಾರ್ ಎ ಮಿರಾಕಲ್’ ಇಂಗ್ಲಿಷಿನಲ್ಲಿ. ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಶರೀಫರವು. ಹಾಡುಗಳ ನಡುವೆ ಹೊಂದಿಕೆ ಕಡಿಮೆ. ಒಂದು ಪ್ರೇಮದ್ದು, ಇನ್ನೊಂದು ದೇವರಿಗೆ ಅಹವಾಲು, ಮತ್ತೊಂದು ಅವಕಾಶಕ್ಕಾಗಿ ಕಾದು ಕೂತವನ ಅಳಲು. ಆದರೂ ಒಳಗೊಂದು ಎಳೆ ಇದೆ: ಇನ್ನೂ ದಡ ಮುಟ್ಟದವನ ತಹತಹ. ಅಂಥ ತಹತಹದ ಪಕ್ಕದಲ್ಲಿ ಶರೀಫರ ಪದಗಳು ಅಲಂಕಾರಕ್ಕಾಗಿ ಬಂದವು ಅನಿಸುವುದಿಲ್ಲ. ‘ಸೋರುತಿಹುದು’ ಅಶ್ವಥ್ ಅವರ ಧಾಟಿಯನ್ನು ಬಿಟ್ಟು ಬೇರೊಂದು ದಾರಿ ಹಿಡಿಯುತ್ತದೆ. ಅಲ್ಲಿ ಸಾರಿ ಹೇಳುವ ಎಚ್ಚರಿಕೆಯಾಗಿದ್ದದ್ದು ಇಲ್ಲಿ ತನಗೆ ತಾನೇ ಹೇಳಿಕೊಳ್ಳುವ ಮಾತಾಗಿದೆ. ಹಳೆಯ ಧಾಟಿಗೆ ಒಗ್ಗಿದ ಕಿವಿಗಳಿಗೆ ಈ ಬದಲಾವಣೆ ಅಷ್ಟಾಗಿ ಹಿಡಿಸದಿರಬಹುದು. ಆಲ್ಬಂನ ಅತ್ಯಂತ ಗಟ್ಟಿ ಹಾಡು ಮಾತ್ರ ಅದೇ.

ಕನ್ನಡಿಗರಲ್ಲಿ ಹೆಚ್ಚಿನವರಿಗೆ ಆ ವರ್ಷ ರಘು ದೀಕ್ಷಿತ್ ಪರಿಚಯವಾದದ್ದು ಈ ಆಲ್ಬಂನಿಂದಲ್ಲ. ಅದೇ 2008ರಲ್ಲಿ ಬಂದ ‘ಸೈಕೋ’ ಚಿತ್ರಕ್ಕೆ ಅವರು ಮಾಡಿದ ‘ನಿನ್ನ ಪೂಜೆಗೆ ಬಂದೆ ಮಾದೇಶ್ವರ’ ಬಸ್ಸು, ಆಟೋ, ಜಾತ್ರೆಗಳಲ್ಲೆಲ್ಲ ಮೊಳಗಿತು. ಮಲೆ ಮಾದೇಶ್ವರನ ಕಂಸಾಳೆಯ ಪರಂಪರೆ ಹಳೆ ಮೈಸೂರು ಸೀಮೆಯ ಜನಕ್ಕೆ ಹತ್ತಿರದ್ದು. ಸಿನಿಮಾದ ಬೆನ್ನೇರಿದ ಹಾಡಿಗೆ ಇರುವ ಓಟ ಬಿಡಿ ಆಲ್ಬಂಗೆ ಇರಲಿಲ್ಲ.

ಆಲ್ಬಂ ಓಡಿದ್ದು ಬೇರೆ ಕಡೆ. 2010ರಲ್ಲಿ ತಂಡ ಬಿಬಿಸಿಯ ‘ಲೇಟರ್ ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮದಲ್ಲಿ ಹಾಡಿತು. ಇದರ ಬೆನ್ನಿಗೇ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಆಲ್ಬಂ ತುದಿಗೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ಅವರ ವೇಷ ಈ ವೇದಿಕೆಗಳಲ್ಲಿ ಗುರುತಾಗಿ ನಿಂತಿತು. ಕನ್ನಡ ಬಾರದ ಸಾವಿರಾರು ಜನ ಶರೀಫರ ಪದಕ್ಕೆ ಚಪ್ಪಾಳೆ ತಟ್ಟಿ ಕುಣಿದರು.

‘ಜಗ್ ಚಂಗಾ’ ಬಂದದ್ದು ಈ ತಿರುಗಾಟದ ನಂತರ, 2013ರ ಕೊನೆಯಲ್ಲಿ. ಎರಡರ ನಡುವಿನ ಮುಖ್ಯ ವ್ಯತ್ಯಾಸ ಇಲ್ಲಿಂದಲೇ ಹುಟ್ಟುತ್ತದೆ. ಮೊದಲನೆಯದರ ಹಾಡುಗಳು ಯಾರೂ ಕೇಳದಿದ್ದಾಗ ಹುಟ್ಟಿದವು. ಎರಡನೆಯದರ ಹೊತ್ತಿಗೆ ಕೇಳುವವರು ಕಾದು ಕೂತಿದ್ದರು. ದೇವರ ಮುಂದೆ ಇನ್ನೊಂದು ಅವಕಾಶ ಬೇಡಿದ್ದವನು ಈಗ ಲೋಕ ಒಳ್ಳೆಯದು ಎಂದು ಹಾಡುತ್ತಾನೆ. ‘ಯಾದೋಂ ಕಿ ಕ್ಯಾರಿ’ ನೆನಪುಗಳತ್ತ, ‘ಅಮ್ಮ’ ಮನೆಯತ್ತ ತಿರುಗುತ್ತವೆ. ವಾದ್ಯಗಳ ಹರವು ದೊಡ್ಡದು, ಮುದ್ರಣ ಅಚ್ಚುಕಟ್ಟು. ಮೊದಲ ಆಲ್ಬಂನಲ್ಲಿ ಗಿಟಾರು ಮತ್ತು ಕಂಠ ಹೊತ್ತ ಭಾರವನ್ನು ಇಲ್ಲಿ ಇಡೀ ತಂಡ ಹಂಚಿಕೊಳ್ಳುತ್ತದೆ.

ಇಲ್ಲಿಯೂ ಶರೀಫರವು ಎರಡು: ‘ಲೋಕದ ಕಾಳಜಿ’ ಮತ್ತು ‘ಕೋಡಗನ ಕೋಳಿ ನುಂಗಿತ್ತ’. ಸಂಖ್ಯೆ ಅಷ್ಟೇ ಇದ್ದರೂ ಆಯ್ಕೆಯ ಹಿಂದಿನ ಮನಸ್ಸು ಬೇರೆ. ಮೊದಲ ಜೋಡಿ ಒಳಕ್ಕೆ ನೋಡುವಂಥದು: ಒಂದರಲ್ಲಿ ಸೋರುವ ಮಾಳಿಗೆ, ಇನ್ನೊಂದರಲ್ಲಿ ಗುಡುಗುಡಿ, ಎರಡೂ ದೇಹ–ಮನಸ್ಸುಗಳ ರೂಪಕ. ಎರಡನೆಯ ಜೋಡಿಯದು ಹೊರಮುಖದ ನಡಿಗೆ. ‘ಲೋಕದ ಕಾಳಜಿ’ ಕೇಳುಗನನ್ನು ನೇರ ಎದುರಿಗೆ ನಿಲ್ಲಿಸಿ ಮಾತಾಡುವ ಪದ. ‘ಕೋಡಗನ ಕೋಳಿ’ ಅಲ್ಲಮನ ಬೆಡಗಿನ ವಚನಗಳ ಕುಲಕ್ಕೆ ಸೇರಿದ ಒಗಟು; ಚಿಕ್ಕದು ದೊಡ್ಡದನ್ನು ನುಂಗುತ್ತ ಹೋಗುವ ಅದರ ಸಾಲುಗಳಿಗೆ ಅರ್ಥ ಬಿಡಿಸದೆಯೂ ಕುಣಿಸುವ ಲಯವಿದೆ. ರಘು ದೀಕ್ಷಿತ್ ಹಿಡಿದದ್ದು ಆ ಲಯವನ್ನೇ. ದೊಡ್ಡ ಬಯಲಿನ ವೇದಿಕೆಗೆ ಅದು ಹೇಳಿ ಮಾಡಿಸಿದಂತಿದೆ. ಒಗಟಿನ ಹಿಂದಿನ ಗುರುವಿನ ಮಾತು ಮಾತ್ರ ಸದ್ದಿನಲ್ಲಿ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಅಶ್ವಥ್ ಅವರ ಹಾಡುಗಾರಿಕೆಯಲ್ಲಿ ಪ್ರತಿ ಪದವೂ ಕಿವಿಗೆ ಬಡಿಯುತ್ತಿತ್ತು. ಇಲ್ಲಿ ಮೊದಲು ಬಡಿಯುವುದು ತಾಳ.

ಒಂದಿಡೀ ಆಲ್ಬಂ ಆಗಿ ನೋಡಿದರೆ ‘ಜಗ್ ಚಂಗಾ’ ಮೇಲು: ಅದರ ಹಾಡುಗಳು ಒಂದೇ ಕಾಲದವು, ಒಂದೇ ಮನಃಸ್ಥಿತಿಯವು. ಬಿಡಿ ಹಾಡುಗಳ ಲೆಕ್ಕದಲ್ಲಿ 2008ರದ್ದೇ ಮುಂದು. ‘ಹೇ ಭಗವಾನ್’, ‘ಮೈಸೂರ್ ಸೇ ಆಯಿ’, ‘ಸೋರುತಿಹುದು’ಗಳ ಸಾಲಿಗೆ ಎರಡನೆಯದರಿಂದ ‘ಲೋಕದ ಕಾಳಜಿ’ಯೊಂದನ್ನು ಅಳುಕದೆ ಸೇರಿಸಬಹುದು. ಇನ್ನೊಂದು ವಿಚಿತ್ರವೂ ಉಂಟು. ಎರಡೂ ಆಲ್ಬಂಗಳು ಗಾಯಕನ ಹೆಸರಿನವಾದರೂ ಹಿಂದಿಯ ಪದಗಳು ಬಹುಪಾಲು ಬೇರೆಯವರವು, ಕನ್ನಡದ ಮುಖ್ಯ ಪದಗಳು ಶರೀಫರವು. ಪಾಶ್ಚಾತ್ಯರು ಹೇಳುವ ಅರ್ಥದಲ್ಲಿ ಬರೆದು ಹಾಡುವ ಕವಿ–ಗಾಯಕ ಇಲ್ಲಿ ಪೂರ್ತಿಯಾಗಿ ಬರಲಿಲ್ಲ. ಕವಿಯ ಕ್ಯಾಸೆಟ್ಟಿನ ಪದ್ಧತಿ ಹೊದಿಕೆಯ ಮೇಲಿನಿಂದ ಇಳಿಯಿತು, ಒಳಗೆ ಉಳಿಯಿತು.

ಇದೇ ಅವಧಿಯಲ್ಲಿ ಮೈಸೂರು–ಬೆಂಗಳೂರಿನ ‘ಸ್ವರಾತ್ಮ’ ತಂಡವೂ ಎರಡು ಆಲ್ಬಂ ತಂದಿತು: 2009ರಲ್ಲಿ ತಂಡದ ಹೆಸರಿನದು, 2012ರಲ್ಲಿ ಲಾಯ್ ಮೆಂಡೋನ್ಸಾ ನಿರ್ಮಾಣದ ‘ಟೋಪಿವಾಲೆ’. ವಾಸು ದೀಕ್ಷಿತ್ ಮುಂದಾಳಾಗಿದ್ದ ಈ ತಂಡ ಎರಡನೆಯ ಹೆಜ್ಜೆಯಲ್ಲಿ ರಾಜಕೀಯ ವ್ಯಂಗ್ಯದತ್ತ ಹೊರಳಿತು. ಮೊದಲ ಆಲ್ಬಂನ ಜಾನಪದ ಸೊಗಡು ಅಲ್ಲಿ ತೆಳುವಾಯಿತು, ಬದಲಿಗೆ ಮಾತು ಮೊನಚಾಯಿತು. ರಘು ದೀಕ್ಷಿತ್ ಎರಡನೆಯ ಸಲಕ್ಕೆ ಲೋಕದೊಂದಿಗೆ ರಾಜಿಯಾದರೆ, ಸ್ವರಾತ್ಮ ಜಗಳಕ್ಕೆ ನಿಂತಿತು.

ಗಾಯಕನ ಆಲ್ಬಂ ಎಂಬ ಈ ರೂಢಿ ನೆಲೆಯೂರುವ ಮುನ್ನವೇ ಅದರ ಕೆಳಗಿನ ನೆಲ ಸರಿಯತೊಡಗಿತು. ಸಿ.ಡಿ. ಅಂಗಡಿಗಳು ಮುಚ್ಚಿದವು, ಹಾಡು ಯೂಟ್ಯೂಬಿಗೆ ಹೋಯಿತು. 2010ರ ದಶಕದ ನಡುವಿನಿಂದ ಚಂದನ್ ಶೆಟ್ಟಿಯಂಥವರು ಕನ್ನಡ ರ‍್ಯಾಪನ್ನು ಜನಪ್ರಿಯಗೊಳಿಸಿದ್ದು ಬಿಡಿ ಹಾಡುಗಳಿಂದ. ಒಂದು ವಿಡಿಯೋ, ಒಂದು ಹಾಡು, 78ರ ಪ್ಲೇಟಿನ ಕಾಲದಂತೆಯೇ ಮೂರು ನಾಲ್ಕು ನಿಮಿಷ. ರಘು ದೀಕ್ಷಿತ್ ಅವರ ಮೂರನೆಯ ಆಲ್ಬಂ ‘ಶಕ್ಕರ್’ಗೆ ಸುಮಾರು ಒಂದು ದಶಕವೇ ಹಿಡಿಯಿತು, ಅದರ ಹಾಡುಗಳೂ ಒಂದೊಂದಾಗಿಯೇ ಹೊರಬಂದವು.