ಹೊರೆಯಾಗಿ ಹೋಗುವ ಇಂಜಿನ್ನು

ಬ್ಯಾಡಗಿ ಸ್ಟೇಷನ್ನಿನಲ್ಲಿ ಗಾಡಿಗಾಗಿ ಕಾಯುವಾಗಲೆಲ್ಲ ನನ್ನ ಕಣ್ಣು ಎರಡು ಹಳಿಗಳ ನಡುವಣ ಅಂತರದ ಮೇಲೆ ಹೋಗುತ್ತದೆ. ಇಂದು ಅದು 1676 ಮಿಲಿಮೀಟರು. 1880ರ ದಶಕದಲ್ಲಿ ಹಳಿ ಹಾಕಿದಂದಿನಿಂದ 1990ರ ದಶಕದವರೆಗೂ ಅದು ಸರಿಯಾಗಿ ಒಂದು ಮೀಟರು. ಒಂದೂವರೆ ಮೊಳದ ವ್ಯತ್ಯಾಸ. ಅದಕ್ಕೂ ಒಂದು ಚರಿತ್ರೆಯಿದೆ.

1876-78ರ ಬರಗಾಲದಲ್ಲಿ ನಮ್ಮ ಸೀಮೆಯ ಜನ ಕಾಳಿಲ್ಲದೆ ಸತ್ತರು. ಬೇರೆಡೆ ಇದ್ದ ಧಾನ್ಯವನ್ನು ತರುವ ದಾರಿಯೇ ಇರಲಿಲ್ಲ. ಆ ಪಾಠದ ಫಲವಾಗಿ 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿ ಹುಟ್ಟಿತು. ಖರ್ಚು ಕಡಿಮೆಯೆಂದು ಮೀಟರ್ ಗೇಜನ್ನೇ ಆರಿಸಿದರು. ಹುಬ್ಬಳ್ಳಿಯಲ್ಲಿ 1885ರಲ್ಲಿ ಕಾರಖಾನೆ ಎದ್ದಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ದಾಟಿ ಹಳಿ ಹರಿಹರದ ಕಡೆ ಸಾಗಿತು. ಕ್ಯಾಸಲ್‌ರಾಕ್ ಘಟ್ಟದ ಹಳಿಯೂ ಅದೇ ಅಳತೆಯದು. ಆದುದರಿಂದ ವಿಲಾಯತಿಯ ಇಂಜಿನ್ನೊಂದು ಮಾರ್ಮಗೋವೆಯ ಬಂದರಿನಲ್ಲಿ ಇಳಿದರೆ, ರಾಣೆಬೆನ್ನೂರಿನವರೆಗೆ ತನ್ನ ಚಕ್ರದ ಮೇಲೆಯೇ ಬರಬಹುದಾಗಿತ್ತು.

ಮುಂಬಯಿಯ ಮಾತು ಬೇರೆ. ಪುಣೆಯಲ್ಲಿ ಗೇಜು ಮುರಿಯುತ್ತಿತ್ತು. ಬ್ಯಾಡಗಿಯ ಮೆಣಸಿನಕಾಯಿ ಚೀಲ ಮುಂಬಯಿಗೆ ಹೊರಟರೆ ಹಮಾಲರ ಬೆನ್ನೇರಿ ಚಿಕ್ಕ ವ್ಯಾಗನ್ನಿನಿಂದ ದೊಡ್ಡದಕ್ಕೆ ಹೋಗಲೇಬೇಕು. ಆ ಕಾಯಿಯ ಘಾಟಿಗೆ ಕೆಮ್ಮದ ಹಮಾಲನಿದ್ದಾನೆಯೇ? ಚೀಲಕ್ಕೆ ಬೆನ್ನು ಸಿಕ್ಕಿತು, ಸರಿ. ಇಂಜಿನ್ನಿಗೆ?

ಈ ಪ್ರಶ್ನೆ ಏಳುವಂತೆ ಮಾಡಿದುದು ವಾರಾಣಸಿಯ ಡೀಸೆಲ್ ಇಂಜಿನ್ ಕಾರಖಾನೆ. 1964ರಲ್ಲಿ ಅದು ಕೆಲಸ ಆರಂಭಿಸಿತು. 1968ರಿಂದ ವೈಡಿಎಂ-4 ಎಂಬ ಮೀಟರ್ ಗೇಜ್ ಜಾತಿಯನ್ನೂ ಕಟ್ಟಿತು. 72 ಟನ್ನಿನ ಒಂದೊಂದು ಇಂಜಿನ್ನು. 1976ರಲ್ಲಿ ಟಾಂಜಾನಿಯಾಕ್ಕೆ ರಫ್ತು ಆರಂಭವಾಯಿತು. ಮುಂದೆ ವಿಯೆಟ್ನಾಮಿಗೂ, 1067 ಮಿಲಿಮೀಟರು ಹಳಿಯ ಮೊಜಾಂಬಿಕ್ಕಿಗೂ ಇಂಜಿನ್ನುಗಳು ಹೋದವು.

ಬಂದರಿಗೆ ಹೋಗುವ ಹಳಿ ಅಗಲವಾದುದು. ಇಂಜಿನ್ನಿನ ಕಾಲು ಅದಕ್ಕೆ ಎಟುಕದು. ಸಾವಿರ ಟನ್ನು ಎಳೆಯಬಲ್ಲ ಯಂತ್ರವೇ ಸರಕಾಗುತ್ತದೆ, ಇನ್ನೊಂದು ಇಂಜಿನ್ನು ಅದನ್ನು ಎಳೆಯುತ್ತದೆ. ಸಾಮಾನ್ಯ ವ್ಯಾಗನ್ನಿನ ಮೇಲಿಟ್ಟರೆ ತಲೆ ಮಿತಿ ಮೀರಿ ಮೇಲ್ಸೇತುವೆಗೋ ವಿದ್ಯುತ್ ತಂತಿಗೋ ತಗಲೀತು. ನಡುವೆ ಬಾವಿಯಂತೆ ತಗ್ಗಾದ ವ್ಯಾಗನ್ನು ಹುಟ್ಟಿಕೊಂಡದ್ದು ಇಂಥ ಎತ್ತರದ ಹೊರೆಗಳಿಗಾಗಿಯೇ. ಅಳತೆ ಮೀರಿದ ಹೊರೆಯಾದರೆ ದಾರಿಯ ಪ್ರತಿ ಸೇತುವೆ, ಸುರಂಗ, ತಿರುವುಗಳನ್ನು ಮೊದಲೇ ಲೆಕ್ಕಹಾಕಿ ಅಪ್ಪಣೆ ಪಡೆಯಬೇಕು. ಸರಪಳಿ ಬಿಗಿದು, ಅಲುಗದಂತೆ ಕಟ್ಟೆ ಕೊಟ್ಟು, ಮೆಲ್ಲನೆ ಸಾಗಿಸಬೇಕು. ಮದುಮಗನನ್ನು ಹೊತ್ತ ಪಲ್ಲಕ್ಕಿಗೂ ಇಷ್ಟು ಜತನವಿಲ್ಲ.

1992ರಲ್ಲಿ ಏಕಗೇಜು ಯೋಜನೆ ಬಂದ ಮೇಲೆ ಮೀಟರ್ ಹಳಿಗಳು ಒಂದೊಂದಾಗಿ ಎದ್ದುಹೋದವು. ನಮ್ಮ ಮೂರೂರುಗಳ ಹಳಿಯೂ ಎದ್ದಿತು. ಅದು ಒಳ್ಳೆಯದೇ ಆಯಿತೆಂದು ನಾನು ನಂಬಿದ್ದೇನೆ. ಗೇಜು ಬದಲಾಯಿತೆಂಬ ಕಾರಣಕ್ಕೆ ಹಾವೇರಿಯ ಹತ್ತಿಯನ್ನು ನಡುದಾರಿಯಲ್ಲಿ ಇಳಿಸಿ ಏರಿಸುವ ಕಷ್ಟ ತಪ್ಪಿತು. ಆದರೆ ಕೆಲಸ ಕಳೆದುಕೊಂಡ ವೈಡಿಎಂ-4ಗಳಿಗೆ ನಾಡಿನಲ್ಲಿ ನೆಲೆ ಕಿರಿದಾಯಿತು. ಕೆಲವು ಮೀಟರ್ ಗೇಜ್ ಇನ್ನೂ ಉಳಿದಿದ್ದ ಮಲೇಷಿಯಾ, ಮ್ಯಾನ್ಮಾರುಗಳಿಗೆ ಹೋಗಿ ಮತ್ತೆ ಗಾಡಿ ಎಳೆದವು. ಪರದೇಶದ ಬಂದರಿನಲ್ಲಿ ಕ್ರೇನಿನಿಂದ ಕೆಳಗಿಳಿದ ಇಂಜಿನ್ನಿಗೆ ಅಲ್ಲಿ ಸಿಕ್ಕಿದ್ದು, ಒಂದು ಕಾಲಕ್ಕೆ ಬ್ಯಾಡಗಿಯಲ್ಲಿದ್ದ ಅದೇ ಒಂದು ಮೀಟರಿನ ಹಳಿ.