ಮುಳುಗುವ ಬಟ್ಟಲು, ಮುಳುಗದ ಗಡಿಯಾರ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ರಾಮದುರ್ಗದ ಪೇಟೆಗೂ ಹೊಳೆದಂಡೆಯ ಹಳ್ಳಿಗಳಿಗೂ ನುಗ್ಗಿದಾಗ ನಮ್ಮ ಮನೆಯೊಳಗೆ ಆಳೆತ್ತರ ನೀರು ನಿಂತಿತ್ತು. ಎಮ್ಮೆ ಬಿಚ್ಚುವುದು, ಜೋಳದ ಚೀಲ ಎತ್ತುವುದು, ಹೊಲದ ಕಾಗದಪತ್ರ ಹುಡುಕುವುದು ಎಂಬ ಗಡಿಬಿಡಿಯಲ್ಲಿ ಅಪ್ಪ ತಮ್ಮ ಕೈಗಡಿಯಾರವನ್ನು ಗೋಡೆಯ ಮಾಡದಲ್ಲೇ ಬಿಟ್ಟು ಬಂದಿದ್ದರು. ನೀರು ಇಳಿದ ಮೇಲೆ ಅದು ಮಾಡದಲ್ಲೇ ಸಿಕ್ಕಿತು. ಗಾಜಿನ ಒಳಗೆ ಅರ್ಧದವರೆಗೆ ಕೆಸರು ಗಟ್ಟಿಯಾಗಿತ್ತು. ಎಚ್‌ಎಂಟಿ ಜನತಾ, ಅಪ್ಪನ ಮದುವೆಯ ಗಡಿಯಾರ.

ಬೈಲಹೊಂಗಲದಲ್ಲಿ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂಬದಿಯ ಮುಚ್ಚಳ ತೆಗೆದು ನೋಡಿ ಅವರು ಹೇಳಿದ್ದು ಇಷ್ಟೇ: "ಇದರ ತಪ್ಪ ಅಲ್ರಿ ಇದು. ಇದನ್ನ ಹೊಳಿಗೆ ಅಂತ ಮಾಡಿದ್ದಲ್ಲ. ಬೆವರಿಗೆ ಮಾಡಿದ್ದು, ಭಾಳಂದ್ರ ಮಳಿಗೆ."

ಅಪ್ಪ ಕೆಲವು ವರ್ಷ ಗಡಿಯಾರವಿಲ್ಲದೆ ಇದ್ದರು. ಆದರೆ ನಮ್ಮ ಹೊಲದ ಬೋರು ಕಾಕಂದಿರ ಜೊತೆ ಪಾಲಿನದು. ನೀರು ತಾಸಿಗೊಂದು ಪಾಳಿ. ಮೋಟಾರಿಗೆ ಕರೆಂಟು ಎಷ್ಟೋ ಸಲ ರಾತ್ರಿಯೇ ಬರುತ್ತದೆ. ಕತ್ತಲೆ, ಕೆಸರು, ಒದ್ದೆ ಕೈ. ಒಂದು ಮೊಬೈಲು ಕಾಲುವೆಗೆ ಬಿತ್ತು. ಪಾಳಿ ಹತ್ತು ನಿಮಿಷ ಹೆಚ್ಚುಕಡಿಮೆಯಾಗಿ ಅಣ್ಣತಮ್ಮಂದಿರು ಒಂದು ತಿಂಗಳು ಮಾತು ಬಿಟ್ಟರು. ಆಗ ಅಪ್ಪ ನನ್ನನ್ನು ಕರೆದು, "ತಮ್ಮಾ, ನೀರಾಗ ಸಾಯಲಾರದಂಥಾ ಗಡಿಯಾರ ಒಂದ ನೋಡು. ಶೆಲ್ಲಿಂದ ಬ್ಯಾಡ" ಎಂದರು. ಕಡಿಮೆ ಬೆಲೆಯ ಡಿಜಿಟಲ್ ಗಡಿಯಾರವೂ ಈ ಕೆಲಸ ಮಾಡುತ್ತದೆ ಎಂದು ಹೇಳಿ ನೋಡಿದೆ. ಒಪ್ಪಲಿಲ್ಲ. ಶೆಲ್ಲು ಮುಗಿದ ದಿನ ನಿಂತುಹೋಗುವ ವಸ್ತು ಅವರಿಗೆ ಗಡಿಯಾರವೇ ಅಲ್ಲ.

ಹೀಗೆ ಹುಡುಕುತ್ತ ಹೋಗಿ ಎರಡು ಗಡಿಯಾರಗಳ ಮುಂದೆ ನಿಂತೆ. ಎರಡೂ ಮುಳುಗುಗಾರರಿಗಾಗಿ ರೂಪಿಸಿದವು, ಎರಡೂ ಆಟೊಮ್ಯಾಟಿಕ್, ಎರಡೂ ಜಪಾನಿನವು, ಬೆಲೆಯಲ್ಲಿ ತೀರ ಅಗ್ಗವೂ ಅಲ್ಲ, ಕೈಗೆ ಎಟುಕದವೂ ಅಲ್ಲ. ಒಂದು ಸೈಕೋ ಕಂಪನಿಯ 'ಟರ್ಟಲ್', ಇನ್ನೊಂದು ಓರಿಯಂಟ್ ಕಂಪನಿಯ 'ಕಮಾಸು'. ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆ ನನ್ನನ್ನು ಇತಿಹಾಸದ ದಾರಿಗೆ ಎಳೆದುಕೊಂಡು ಹೋಯಿತು.

ನಮ್ಮ ಮನೆಯಲ್ಲಿ ಎರಡು ಗಡಿಯಾರಗಳ ನಡುವೆ ಆಯ್ಕೆ ನಡೆದದ್ದು ಇದೇ ಮೊದಲಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದುಸ್ತಾನ್ ಮಷೀನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರ ಮಾಡತೊಡಗಿತು. 'ಜನತಾ' ಅದರ ಸಾದಾ ಗಡಿಯಾರ: 17 ಜ್ಯುವೆಲ್, ದಿನಾ ಚಾವಿ ಕೊಡಬೇಕು. 'ಕಾಂಚನ' ಆಟೊಮ್ಯಾಟಿಕ್: ಕೈ ಆಡಿದರೆ ಒಳಗಿನ ತೂಕದ ತಟ್ಟೆ ತಿರುಗಿ ತಾನೇ ಚಾವಿ ತುಂಬಿಕೊಳ್ಳುತ್ತದೆ, ವಾರ, ತಾರೀಖು ಎರಡನ್ನೂ ತೋರಿಸುತ್ತದೆ. ವರನಿಗೆ ಕೊಡುವ ಗಡಿಯಾರವೆಂದು ಕಾಂಚನಕ್ಕೆ ಹೆಸರಿತ್ತು. ಅಪ್ಪನ ಮದುವೆಯಲ್ಲಿ ಬೀಗರ ನಡುವೆ ಈ ಎರಡರ ಮಾತು ನಡೆದು, ಅಜ್ಜನ ಶಕ್ತಿಗೆ ತಕ್ಕಂತೆ ಜನತಾ ಬಂತು. ಅಪ್ಪನಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಮುಂಜಾನೆ ಚಹಾ ಕುಡಿಯುವ ಮೊದಲು ಚಾವಿ ಕೊಡುವುದು ಅವರಿಗೆ ದೇವರ ಮುಂದೆ ದೀಪ ಹಚ್ಚಿದಂತೆ. ನಲವತ್ತು ವರ್ಷ ಹತ್ತಿರ ಹತ್ತಿರ ಹಾಗೆ ನಡೆಯಿತು.

ಕಾಲ ಅವರ ಗಡಿಯಾರವನ್ನು ಬಿಟ್ಟು ಮುಂದೆ ಹೋಗಿತ್ತು. 1978ರಲ್ಲಿ ತುಮಕೂರಿನಲ್ಲೂ ಎಚ್‌ಎಂಟಿ ಕಾರ್ಖಾನೆ ಬಂತು. 1984ರಲ್ಲಿ ಹುಟ್ಟಿದ ಟೈಟಾನ್ ಹೊಸೂರಿನಿಂದ ಕ್ವಾರ್ಟ್ಝ್ ಗಡಿಯಾರಗಳನ್ನು ಮಾರುಕಟ್ಟೆಗೆ ತಂದಿತು. ಶೆಲ್ಲಿನ ಗಡಿಯಾರ ಚಾವಿಯ ಗಡಿಯಾರವನ್ನು ಸೋಲಿಸಿತು. 2016ರಲ್ಲಿ ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಂದರೆ, ನಮ್ಮ ಮನೆಗೆ ಹೊಳೆ ಬರುವ ಮೊದಲೇ ಅಪ್ಪನ ಗಡಿಯಾರದ ತವರುಮನೆಯ ಬಾಗಿಲು ಹಾಕಿತ್ತು.

ಗಡಿಯಾರಕ್ಕೂ ನೀರಿಗೂ ಇರುವ ಸಂಬಂಧ ಮಾತ್ರ ಇದಕ್ಕಿಂತ ಬಹಳ ಹಳೆಯದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ನಾವು 'ಗಂಟೆ' ಎನ್ನುವುದು ಕಡಿಮೆ, 'ತಾಸು' ಎನ್ನುತ್ತೇವೆ. ಫಾರಸಿಯಲ್ಲಿ 'ತಾಸ್' ಎಂದರೆ ಬಟ್ಟಲು. ಮರಾಠಿಯಲ್ಲಿ ಅದು ಹೊತ್ತಿನ ಅಳತೆಯಾಗಿ ನಮ್ಮ ಮಾತಿಗೂ ಬಂತು. ಬಟ್ಟಲಿಗೂ ಹೊತ್ತಿಗೂ ಏನು ನಂಟು ಎಂದರೆ ಗಳಿಗೆಬಟ್ಟಲು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಾರೆ. ತೂತಿನಿಂದ ನೀರು ಏರಿ ಬಟ್ಟಲು ಮುಳುಗಿದರೆ ಒಂದು ಗಳಿಗೆ, ಅಂದರೆ ಇಂದಿನ 24 ನಿಮಿಷ. ಒಂದು ಹಗಲು ಒಂದು ರಾತ್ರಿಗೆ ಬಟ್ಟಲು 60 ಸಲ ಮುಳುಗಬೇಕು ಎಂದು ಸೂರ್ಯಸಿದ್ಧಾಂತ ಹೇಳುತ್ತದೆ. ಬಟ್ಟಲು ಮುಳುಗಿದಾಗ ಕಂಚಿನ ಜಾಗಟೆ ಬಡಿದು ಊರಿಗೆ ಸಾರುವವರನ್ನು ಕಂಡ ಬಾಬರ್ ಆ ಪದ್ಧತಿಯನ್ನು ತನ್ನ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾನೆ. ಗಡಿಯಾರ ಎಂಬ ನಮ್ಮ ಮಾತಿನೊಳಗೂ ಅದೇ ಗಳಿಗೆ ಅಡಗಿದೆ.

ಹೊತ್ತು ನೋಡಲು ಆಕಾಶವೂ ಇತ್ತು. ಕಿತ್ತೂರಿನ ಅರಮನೆಯ ಅವಶೇಷದಲ್ಲಿ ಧ್ರುವನಕ್ಷತ್ರ ನೋಡಲೆಂದು ಮಾಡಿದ ಕಿಂಡಿಯನ್ನು ಇಂದಿಗೂ ತೋರಿಸುತ್ತಾರೆ. ಅಪ್ಪ ಈಗಲೂ ಮಧ್ಯಾಹ್ನವನ್ನು ತಮ್ಮ ನೆರಳಿನಿಂದ ಹೇಳುತ್ತಾರೆ, ಮತ್ತು ಗಡಿಯಾರ ಅದನ್ನು ಒಪ್ಪುವುದಿಲ್ಲ. 1906ರಲ್ಲಿ ಜಾರಿಗೆ ಬಂದ ಭಾರತೀಯ ಪ್ರಮಾಣ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ನಾವಿರುವುದು ಅದಕ್ಕಿಂತ ಏಳೂವರೆ ಡಿಗ್ರಿ ಪಶ್ಚಿಮಕ್ಕೆ. ಹೀಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಸುಮಾರು ಹನ್ನೆರಡೂವರೆ. ಆದರೆ ರಾತ್ರಿಯ ಪಾಳಿಗೆ ನೆರಳೂ ಇಲ್ಲ, ಮಳೆಗಾಲದಲ್ಲಿ ನಕ್ಷತ್ರವೂ ಇಲ್ಲ.

ಗಳಿಗೆಬಟ್ಟಲಿನ ಬಗ್ಗೆ ಕನ್ನಡಿಗರೆಲ್ಲ ಕೇಳಿದ ಕತೆ ಲೀಲಾವತಿಯದು. ಭಾಸ್ಕರಾಚಾರ್ಯನ ಮಗಳ ಮದುವೆಯ ಮುಹೂರ್ತಕ್ಕೆಂದು ಬಟ್ಟಲು ತೇಲಿಬಿಟ್ಟಾಗ ಹುಡುಗಿ ಬಗ್ಗಿ ನೋಡುತ್ತಾಳೆ. ಮುತ್ತೊಂದು ಉದುರಿ ತೂತಿಗೆ ಸಿಕ್ಕಿಕೊಳ್ಳುತ್ತದೆ. ನೀರು ಒಳಗೆ ಬರಲಿಲ್ಲ, ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮೀರಿತು. ಈ ಕತೆ 'ಲೀಲಾವತಿ'ಯನ್ನು 1587ರಲ್ಲಿ ಫಾರಸಿಗೆ ತಂದ ಫೈಜಿಯ ಬರಹದಿಂದ ಪ್ರಸಿದ್ಧವಾಯಿತು. ನಿಜವೋ ಸುಳ್ಳೋ, ಅದರೊಳಗಿನ ಯಂತ್ರದ ತಿಳಿವಳಿಕೆ ನಿಜ: ಆ ಗಡಿಯಾರಕ್ಕೆ ನೀರು ಒಳಗೆ ಬಾರದಿರುವುದೇ ಕೇಡು. ಅಪ್ಪನ ಗಡಿಯಾರಕ್ಕೆ ನೀರು ಒಳಗೆ ಬಂದದ್ದೇ ಕೇಡು. ಎರಡರ ಹಣೆಬರಹವೂ ಒಂದು ಸಣ್ಣ ತೂತಿನಲ್ಲಿತ್ತು.

ಕೈಗಡಿಯಾರದ ಆ ತೂತು ಇರುವುದು ಚಾವಿಯ ಗುಂಡಿಯ ಬಳಿ. ಗುಂಡಿಯ ಕಡ್ಡಿ ಕವಚವನ್ನು ತೂರಿ ಒಳಗೆ ಹೋಗಲೇಬೇಕು. ನೀರೂ ಅದೇ ದಾರಿ ಹಿಡಿಯುತ್ತದೆ. 1926ರಲ್ಲಿ ರೋಲೆಕ್ಸ್ ತನ್ನ 'ಆಯ್‌ಸ್ಟರ್' ಗಡಿಯಾರದಲ್ಲಿ ಹಿಂಬದಿಯ ಮುಚ್ಚಳವನ್ನೂ ಗುಂಡಿಯನ್ನೂ ತಿರುಪಿನಂತೆ ಬಿಗಿಯುವಂತೆ ಮಾಡಿತು. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾರ್ತಿ ಅದನ್ನು ಧರಿಸಿ ಇಂಗ್ಲಿಷ್ ಕಾಲುವೆಯ ತಣ್ಣೀರಿನಲ್ಲಿ ತಾಸುಗಟ್ಟಲೆ ಇದ್ದಳು. 1953ರಲ್ಲಿ ಬ್ಲಾಂಕ್‌ಪೇನ್ ಕಂಪನಿಯ 'ಫಿಫ್ಟಿ ಫ್ಯಾದಮ್ಸ್' ಫ್ರೆಂಚ್ ನೌಕಾದಳದ ಮುಳುಗುಗಾರರ ಕೈಗೆ ಬಂತು. 1965ರಲ್ಲಿ ಸೈಕೋ ಜಪಾನಿನ ಮೊದಲ ಮುಳುಗು ಗಡಿಯಾರ ಮಾಡಿತು. ಅದರ ಮಿತಿ 150 ಮೀಟರ್.

ಈ ಗಡಿಯಾರಗಳ ಗಾಜಿನ ಸುತ್ತ 60 ನಿಮಿಷದ ಗುರುತಿರುವ ಬಳೆಯೊಂದು ಇರುತ್ತದೆ. ಮುಳುಗುವ ಮೊದಲು ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ, ಆಮೇಲೆ ಕಳೆದ ನಿಮಿಷ ಎಷ್ಟೆಂದು ನೇರವಾಗಿ ಓದಬಹುದು. ಬಳೆ ಒಂದೇ ದಿಕ್ಕಿಗೆ ತಿರುಗುತ್ತದೆ. ಬಂಡೆಗೆ ತಾಗಿ ಅದು ಸರಿದರೂ ಕಳೆದ ಹೊತ್ತು ಹೆಚ್ಚೆಂದು ತೋರಿಸುತ್ತದೆ, ಕಡಿಮೆಯೆಂದು ತೋರಿಸುವುದೇ ಇಲ್ಲ. ಮುಳುಗಿದವನು ತಪ್ಪಿಯಾದರೂ ಬೇಗ ಮೇಲೆ ಬರಬೇಕು, ತಡವಾಗಿ ಅಲ್ಲ. ಇದನ್ನು ಅಪ್ಪನಿಗೆ ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರ ತಪ್ಪಾದ್ರ ನನ್ನ ನೀರ ಕಡಿಮಿ ಆಕ್ಕೈತಿ, ತಮ್ಮನ ನೀರ ಅಲ್ಲ. ಛಲೋ ಆತು, ಜಗಳಿಲ್ಲ" ಎಂದರು. ಸಮುದ್ರಕ್ಕಾಗಿ ಮಾಡಿದ ಆ ಬಳೆಯ ನ್ಯಾಯ ಪಾಳಿಯ ಹೊಲದಲ್ಲೂ ನಡೆಯುತ್ತದೆ ಎಂದು ನನಗೆ ಹೊಳೆದದ್ದು ಆಗ.

ಇನ್ನು ಎರಡು ಗಡಿಯಾರಗಳ ತೂಗುನೋಟ. ಟರ್ಟಲ್ 2016ರಲ್ಲಿ ಬಂದದ್ದು, 1970ರ ದಶಕದ ಆಮೆಚಿಪ್ಪಿನಂಥ ಆಕಾರವನ್ನು ಮತ್ತೆ ತಂದದ್ದು. ಅಗಲ ಸುಮಾರು 45 ಮಿಲಿಮೀಟರ್. ತುಂಬಿದ ಚಾವಿ 41 ತಾಸು ಬಾಳುತ್ತದೆ. ಗಾಜು ಗಟ್ಟಿಗೊಳಿಸಿದ ಖನಿಜ ಗಾಜು. ಮುಖದ ಮೇಲೆ 'ಡೈವರ್ಸ್ 200 ಮೀಟರ್' ಎಂದು ಬರೆದಿದೆ. ಆ 'ಡೈವರ್ಸ್' ಎಂಬ ಪದಕ್ಕೆ ಐಎಸ್‌ಒ 6425 ಎಂಬ ಮಾನದಂಡದ ಬಲವಿದೆ: ಹೇಳಿದ ಆಳಕ್ಕಿಂತ ಕಾಲುಭಾಗ ಹೆಚ್ಚಿನ ಒತ್ತಡವನ್ನು ತಾಳಬೇಕು, ಕತ್ತಲಲ್ಲಿ ಗೇಣುದ್ದದಿಂದ ಓದಲು ಬರಬೇಕು. ಕಮಾಸು 41.8 ಮಿಲಿಮೀಟರ್, ಮುಂಗೈಗೆ ಹಗುರ. ಅದರ ಗಾಜು ನೀಲಮಣಿಯ ಹರಳಿನದು, ಮರಳು ಉಜ್ಜಿದರೂ ಸುಲಭಕ್ಕೆ ಗೀರು ಬೀಳದು. ಚಾವಿ 40 ತಾಸು. ನೀರಿಗೆ 200 ಮೀಟರ್ ಎಂದಿದೆ, ಆದರೆ 'ಡೈವರ್ಸ್' ಎಂಬ ಪದವಿಲ್ಲ. ಓರಿಯಂಟ್ ಕಂಪನಿಯೂ ಈಗ ಸೈಕೋ ಎಪ್ಸನ್ ಒಡೆತನದ್ದೇ. ಇದು ದಾಯಾದಿಗಳ ನಡುವಿನ ಪೈಪೋಟಿ.

ಕಾಗದದ ಮೇಲೆ ಕಮಾಸು ಗೆಲ್ಲುತ್ತಿತ್ತು. ಹೊಲದ ಕೆಲಸಕ್ಕೆ ಗೀರು ಬೀಳದ ಗಾಜು ದೊಡ್ಡ ಮಾತು. ಆಳದ ಅಂಕಿ ನಮಗೆ ಲೆಕ್ಕಕ್ಕೇ ಇಲ್ಲ. ಮಲಪ್ರಭೆಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟೆಯ ಎತ್ತರವೇ 40 ಮೀಟರಿನ ಆಸುಪಾಸು. ನಾಲ್ಕೂ ತಾಲೂಕು ಹುಡುಕಿದರೂ 200 ಮೀಟರ್ ಆಳದ ನೀರು ಎಲ್ಲಿದೆ? ಅಪ್ಪನ ಗಡಿಯಾರ ಸತ್ತದ್ದು ಆಳೆತ್ತರದ ನೀರಿನಲ್ಲಿ.

ನಿರ್ಧರಿಸುವ ಮೊದಲು ಕಾಕಾನ ಬಳಿ ಹೋಗಿ ಎರಡರ ಚಿತ್ರ ತೋರಿಸಿದೆ. ಅವರು ಗಾಜಿನ ಬಗ್ಗೆ ಕೇಳಲಿಲ್ಲ, ಆಳದ ಬಗ್ಗೆಯೂ ಕೇಳಲಿಲ್ಲ. "ನಿಮ್ಮ ಅಪ್ಪಾರು ಮುಂಜಾನಿ ಎದ್ದ ಕೂಡ್ಲೆ ಏನ ಮಾಡ್ತಾರ?" ಎಂದರು.

ಚಾವಿ ಕೊಡುತ್ತಾರೆ. ಗಡಿಯಾರ ಇಲ್ಲದ ವರ್ಷಗಳಲ್ಲೂ ಚಹಾಕ್ಕೆ ಮೊದಲು ಅವರ ಬಲಗೈಯ ಎರಡು ಬೆರಳು ಎಡ ಮುಂಗೈ ಹತ್ತಿರ ಹೋಗಿ ಬರುವುದನ್ನು ನಾನು ನೋಡಿದ್ದೆ.

"ಹಂಗಾರ ಕೇಳ್ರಿ. ಇವು ಕೈ ಆಡಿದ್ರ ತಾವ ತುಂಬತಾವ. ಗುಂಡಿ ಮುಟ್ಟೂದ ಬ್ಯಾಡ. ಆದ್ರ ಮುಟ್ಟೂ ಕೈ ಮುಟ್ಟತದ. ತಿರುವಿ ಬಿಚ್ಚತಾರ, ಚಾವಿ ಕೊಡತಾರ, ತಿರುಗಿ ಬಿಗಿ ಮಾಡೂದು ಮರೀತಾರ. ಆಮ್ಯಾಲ ಇನ್ನೂರ ಮೀಟರ್ ಇರಲಿ, ಸಾವಿರ ಮೀಟರ್ ಇರಲಿ, ಒಂದ ಬಕೀಟ ನೀರ ಸಾಕು."

ಕಮಾಸುವಿನ ಗುಂಡಿ ಇರುವುದು ಮೂರರ ಅಂಕಿಯ ಬಳಿ, ಜನತಾ ಗಡಿಯಾರದಲ್ಲಿ ಇದ್ದಲ್ಲೇ. ಅಪ್ಪನ ಬೆರಳುಗಳಿಗೆ ಆ ದಾರಿ ಕಣ್ಣುಮುಚ್ಚಿದರೂ ಗೊತ್ತು. ಟರ್ಟಲ್‌ನ ಗುಂಡಿ ನಾಲ್ಕರ ಬಳಿ ಕೆಳಗೆ ಸರಿದು, ಆಮೆಚಿಪ್ಪಿನ ಅಂಚಿನಲ್ಲಿ ಹುದುಗಿಕೊಂಡಿದೆ. ಹುಡುಕಿ ಮುಟ್ಟಬೇಕು. ಮುಂಗೈಯ ಚಲನೆಗೆ ಒತ್ತಬಾರದೆಂದು ಅದನ್ನು ಅಲ್ಲಿಟ್ಟದ್ದು. ನಮಗೆ ಅದು ನಲವತ್ತು ವರ್ಷದ ರೂಢಿಯನ್ನು ತಡೆಯುವ ಅಡ್ಡಗಟ್ಟೆಯಾಯಿತು. ಟರ್ಟಲ್ ಕೊಂಡೆ. ಗಾಜಿಗೆ ಗೀರು ಬೀಳುತ್ತದೆ ಎಂದು ಗೊತ್ತಿದ್ದೇ ಕೊಂಡೆ. ಮೊದಲ ಗೀರು ಎರಡನೆಯ ವಾರವೇ ಬಿತ್ತು.

ಮಲಪ್ರಭೆ ಕೃಷ್ಣೆಯನ್ನು ಸೇರುವ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವಿದೆ. ನಾರಾಯಣಪುರ ಜಲಾಶಯದ ಹಿನ್ನೀರು ಏರಿದರೂ ಅದು ಮುಳುಗದಿರಲೆಂದು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಹೋಗಿ ನೋಡಬೇಕು. ಅಪ್ಪನನ್ನು ಅಲ್ಲಿಗೆ ಕರೆದೊಯ್ದಾಗ ಗೋಡೆಗೆ ಕೈಯಿಟ್ಟು, "ಇದನ್ನೂ ಯಾರರೆ ವರ್ಷಾ ನೋಡಕೋತ ಇರಬೇಕಲ್ಲ?" ಎಂದು ಕೇಳಿದರು. ಗಡಿಯಾರವೂ ಹಾಗೆಯೇ. ನೀರು ತಡೆಯುವುದು ಉಕ್ಕಲ್ಲ, ಉಕ್ಕಿನ ಸಂದಿಯಲ್ಲಿರುವ ರಬ್ಬರಿನ ತೆಳು ವಾಸರು. ಅದು ಒಣಗುತ್ತದೆ, ಸೀಳುತ್ತದೆ, ಕೆಲವು ವರ್ಷಕ್ಕೊಮ್ಮೆ ಬದಲಾಗಬೇಕು.

ಈಗ ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಕಾರಹುಣ್ಣಿವೆಯ ಹಿಂದಿನ ವಾರ ಅಪ್ಪನ ಅಕ್ಷರದಲ್ಲಿ ಒಂದು ಸಾಲಿದೆ: ಬೈಲಹೊಂಗಲ, ವಾಸರ ತೋರಿಸೂದು. ಜನತಾ ಗಡಿಯಾರ ತೊಳೆದು ಒಣಗಿ ಅದೇ ಮಾಡದಲ್ಲಿ ಕುಳಿತಿದೆ. ಮುಂಜಾನೆ ಅಪ್ಪ ಅದಕ್ಕೆ ಚಾವಿ ಕೊಡಲು ನೋಡುತ್ತಾರೆ. ಅದು ತಿರುಗುವುದಿಲ್ಲ. ಆದರೆ ಹೊಸ ಗಡಿಯಾರದ ಗುಂಡಿಯನ್ನು ಅವರು ಇಲ್ಲಿಯವರೆಗೆ ಮುಟ್ಟಿಲ್ಲ.